ಅವಳು ನಿದ್ದೆ ಮಾಡಿರಲಿಲ್ಲ

ಆರೇಳು ವರ್ಷದ ಹಿಂದಿನ ಮಾತು. ಬೆಂಗಳೂರಿನಲ್ಲಿ ಆಗ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ 13 ವರ್ಷದ ಹುಡುಗಿಯೊಬ್ಬಳಿಗೆ ಬೆನ್ನಿನ ಆಪರೇಷನ್ ಆಗಿತ್ತು. ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಸೊಟ್ಟಗಾಗಿ ತಿರುಚಿಕೊಂಡಿರುವುದು. ಉದ್ದಕ್ಕೆ ಬೆನ್ನು ಬಿಡಿಸಿ, ಸ್ನಾಯು ಸರಿಸಿ, ಮೂಳೆಗೆ ಸ್ಕ್ರೂ ಹಾಕಿ, ಎರಡು ರಾಡ್ ಕೂರಿಸಿ ನೇರ ಮಾಡುತ್ತಾರೆ. ಮಕ್ಕಳ ಆಪರೇಷನ್‌ಗಳಲ್ಲಿ ಇಷ್ಟು ನೋವು ಕೊಡುವಂಥವು ಕಡಿಮೆ. ಅರಿವಳಿಕೆ ಕೊಟ್ಟವಳು ನಾನೇ.

ಮರುದಿನ ಬೆಳಗ್ಗೆ ಐಸಿಯುಗೆ ಹೋದೆ. ಚಾರ್ಟಿನಲ್ಲಿ ರಾತ್ರಿಯಿಡೀ ‘ನಿದ್ದೆಯಲ್ಲಿದ್ದಾಳೆ, ಆರಾಮಾಗಿದ್ದಾಳೆ’ ಎಂದೇ ಬರೆದಿತ್ತು. ಅವಳ ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಒಂದು ಗಳಿಗೆನೂ ನಿದ್ದೆ ಮಾಡಿಲ್ಲ ಮೇಡಂ. ಅಲ್ಲಾಡಿದ್ರೆ ನೋಯುತ್ತೆ ಅಂತ ಸುಮ್ನೆ ಬಿದ್ಕೊಂಡಿದ್ದಾಳೆ.” ಹುಡುಗಿಯ ಕಣ್ಣಂಚಿನಿಂದ ಕಿವಿಯವರೆಗೆ ಕಣ್ಣೀರು ಒಣಗಿದ ಗೆರೆ. ನೋವು ತಗ್ಗಿಸುವ ಮಾರ್ಫಿನ್ ಹೋಗುತ್ತಲೇ ಇತ್ತು. ಅದರಿಂದ ಎರಡು ಸಲ ವಾಂತಿಯೂ ಆಗಿತ್ತು. ಹೊಸ ಹೊಲಿಗೆಯ ಬೆನ್ನಿಟ್ಟುಕೊಂಡು ವಾಂತಿ ಮಾಡುವುದು ಎಂಥ ಹಿಂಸೆ, ಅಲ್ವಾ?

ಮಾರ್ಫಿನ್ ಒಂದನ್ನೇ ನಂಬಿಕೊಂಡು ಕೂರಬಾರದು ಎಂದು ಆವತ್ತೇ ತೀರ್ಮಾನಿಸಿದೆ. ನಾನು ಕಲಿಯಲು ಶುರು ಮಾಡಿದ್ದು ಎರೆಕ್ಟರ್ ಸ್ಪೈನೀ ಬ್ಲಾಕ್, ಅಂದರೆ ಸೂಜಿಯಿಂದ ಔಷಧ ಬಿಟ್ಟು ಬೆನ್ನಿನ ನರಗಳನ್ನು ಮರಗಟ್ಟಿಸುವುದು. 2016ರಲ್ಲಿ ಕೆನಡಾದ ವೈದ್ಯರು ಇದನ್ನು ಮೊದಲು ವರದಿ ಮಾಡಿದಾಗ ಅದು ಎದೆಗೂಡಿನ ನರದ ನೋವಿಗೆ ಕೊಟ್ಟದ್ದಾಗಿತ್ತು. ಬೆನ್ನುಹುರಿಯಿಂದ ಹೊರಬಂದ ನರ ಎರಡು ಕವಲಾಗುತ್ತದೆ. ಹಿಂದಿನ ಕವಲು ಬೆನ್ನಿನ ಸ್ನಾಯುವಿಗೂ ಚರ್ಮಕ್ಕೂ ಹೋಗುತ್ತದೆ. ಬೆನ್ನುಮೂಳೆಯ ಪಕ್ಕದ ಚಾಚಿನ ಮೇಲೆ, ಸ್ನಾಯುವಿನ ಅಡಿಯಲ್ಲಿ ಮರಗಟ್ಟಿಸುವ ಔಷಧ ಹರಡಿದರೆ ಮುಖ್ಯವಾಗಿ ಆ ಹಿಂದಿನ ಕವಲು ಸುಮ್ಮನಾಗುತ್ತದೆ.

ನಮ್ಮ ಸರ್ಜನ್ ಮೊದಲು ಒಪ್ಪಲಿಲ್ಲ. “ಎದ್ದ ಮೇಲೆ ಮಗು ಕಾಲು ಆಡಿಸಲಿಲ್ಲ ಅಂದ್ರೆ ಅದು ನಿಮ್ಮ ಬ್ಲಾಕಾ, ಬೆನ್ನುಹುರಿಗೆ ಪೆಟ್ಟಾ? ಹೇಗೆ ಹೇಳ್ತೀರಿ ಡಾಕ್ಟ್ರೇ?” ಅವರ ಭಯ ನ್ಯಾಯವಾದದ್ದೇ. ಬೆನ್ನುಹುರಿಯ ಹೊದಿಕೆಯ ಹೊರಗೇ ಔಷಧ ಬಿಡುವ ಎಪಿಡ್ಯೂರಲ್‌ನಲ್ಲಿ ಔಷಧ ಜಾಸ್ತಿಯಾದರೆ ಕಾಲಿನ ಬಲ ತಗ್ಗಬಹುದು, ಆಗ ನಿಜವಾದ ಪೆಟ್ಟು ಮರೆಯಾಗಬಹುದು. ಎದೆಮಟ್ಟದಲ್ಲಿ ಕೊಡುವ ಈ ಬ್ಲಾಕ್‌ನಲ್ಲಿ ಕಾಲಿನ ಬಲ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಬ್ಲಾಕ್ ಕೊಟ್ಟ ನಂತರ, ಚರ್ಮ ಕೊಯ್ಯುವ ಮೊದಲು, ಮೆದುಳಿನಿಂದ ಬೆನ್ನುಹುರಿಯ ಮೂಲಕ ಕಾಲಿನ ಸ್ನಾಯುಗಳಿಗೆ ತಲುಪುವ ಸಿಗ್ನಲ್ ತೆಗೆದು ಮಾನಿಟರ್‌ನಲ್ಲಿ ತೋರಿಸಿದೆ. ಅಲೆಗಳು ಚೆನ್ನಾಗಿದ್ದವು. ಅಲ್ಲಿಂದ ಅವರು ಅಡ್ಡಿ ಮಾಡಲಿಲ್ಲ. ಅರಿವಳಿಕೆಯ ಗ್ಯಾಸ್ ಈ ಸಿಗ್ನಲ್‌ಗಳನ್ನು ಮಂಕಾಗಿಸುತ್ತದೆ, ಅದಕ್ಕೇ ನಾವು ಪ್ರೊಪೊಫಾಲ್ ಡ್ರಿಪ್‌ನಲ್ಲಿ ಮಲಗಿಸುತ್ತೇವೆ. ನೋವಿನ ಭಾರವನ್ನು ಬ್ಲಾಕ್ ಸ್ವಲ್ಪ ಹೊತ್ತುಕೊಂಡರೆ ಉಳಿದ ಔಷಧಗಳನ್ನೂ ಅಷ್ಟು ಕಡಿಮೆ ಮಾಡಬಹುದು.

ಕೋಲಾರದ ಕಡೆಯ ಹುಡುಗನೊಬ್ಬನಿಗೆ ನಾನು ಮಾಡಿದ್ದನ್ನೇ ಹೇಳುತ್ತೇನೆ. ತೂಕ 32 ಕೆಜಿ. ಮರಗಟ್ಟಿಸುವ ಔಷಧ ರೋಪಿವಕೇನ್ ಕೆಜಿಗೆ 3 ಮಿಲಿಗ್ರಾಂ ದಾಟಬಾರದು, ಅಂದರೆ ಅವನಿಗೆ 96 ಮಿಲಿಗ್ರಾಂ. 0.2 ಶೇಕಡಾ ಔಷಧದಲ್ಲಿ ಒಂದು ಎಂಎಲ್‌ಗೆ 2 ಮಿಲಿಗ್ರಾಂ ಇರುತ್ತದೆ. ನಾನು 40 ಎಂಎಲ್‌ಗೆ, 80 ಮಿಲಿಗ್ರಾಂಗೆ ನಿಲ್ಲಿಸಿದೆ. ಎಡಕ್ಕೆರಡು, ಬಲಕ್ಕೆರಡು, ಒಂದೊಂದು ಜಾಗಕ್ಕೆ 10 ಎಂಎಲ್. ಈ ಲೆಕ್ಕವನ್ನು ಜೋರಾಗಿ ಓದಿ ಇನ್ನೊಬ್ಬರಿಂದ ಸರಿ ಅನ್ನಿಸಿಕೊಳ್ಳದೆ ನಾನು ಸಿರಿಂಜ್ ಮುಟ್ಟುವುದಿಲ್ಲ. ಈ ಔಷಧ ವಿಷವಾದರೆ ಕೊಡುವ ಕೊಬ್ಬಿನ ದ್ರಾವಣ, 20 ಶೇಕಡಾ ಲಿಪಿಡ್ ಎಮಲ್ಷನ್, ಥಿಯೇಟರ್ ಒಳಗೇ ಇರಬೇಕು. ಔಷಧ ರಕ್ತಕ್ಕೆ ಸೇರಿ ಹೃದಯ ತಾಳ ತಪ್ಪಿದರೆ ಸ್ಟೋರ್‌ಗೆ ಓಡಲು ಸಮಯ ಸಿಗುವುದಿಲ್ಲ.

ಸೊಟ್ಟ ಬೆನ್ನಿನಲ್ಲಿ ಅಲ್ಟ್ರಾಸೌಂಡ್ ಹಿಡಿಯುವುದಕ್ಕೆ ಸಹನೆ ಬೇಕು. ಮೂಳೆಗಳು ತಿರುಚಿಕೊಂಡಿರುವುದರಿಂದ ಒಂದು ಕಡೆ ಚಾಚು ಮೇಲೇ ಸಿಗುತ್ತದೆ, ಇನ್ನೊಂದು ಕಡೆ ಆಳಕ್ಕೆ ಹೋಗಿರುತ್ತದೆ. ಶುರುವಿನಲ್ಲಿ ಪಕ್ಕೆಲುಬನ್ನೇ ಚಾಚು ಅಂದುಕೊಂಡದ್ದುಂಟು. ಪಕ್ಕೆಲುಬು ದುಂಡಗೆ ಕಾಣುತ್ತದೆ, ಚಾಚು ಚಪ್ಪಟೆ. ಸೂಜಿ ಮೂಳೆಗೆ ತಾಗಿದ ಮೇಲೆ ಸ್ವಲ್ಪ ಸಲೈನ್ ಬಿಡುತ್ತೇನೆ. ಸ್ನಾಯು ಮೂಳೆಯಿಂದ ಮೇಲೆದ್ದು ನಡುವೆ ಕಪ್ಪು ಗೆರೆ ಬಿಚ್ಚಿಕೊಂಡರೆ ಜಾಗ ಸರಿ. ಆಮೇಲೆ ಕೊಯ್ಯುವುದಕ್ಕೆ ಮೊದಲು 20 ನಿಮಿಷವಾದರೂ ಸಿಗಬೇಕು. ಸರ್ಜನ್ ಬಿಡಿಸುವುದೂ ಅದೇ ಜಾಗವನ್ನೇ. ಅವಸರ ಮಾಡಿದರೆ ಔಷಧ ರಕ್ತ ಹೀರುವ ಸಕ್ಷನ್ ಪೈಪಿಗೆ ಹೋಗುತ್ತದೆ.

ಆ ಹುಡುಗ ಮಧ್ಯಾಹ್ನ ಎದ್ದು, ಹೇಳಿದ ತಕ್ಷಣ ಎರಡೂ ಪಾದ ಆಡಿಸಿದ. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರೆ “ಮೂರು” ಅಂದ. ನನಗೆ ತುಂಬ ಖುಷಿಯಾಯಿತು, ಮನೆಗೆ ಹೋದೆ. ರಾತ್ರಿ ಒಂಬತ್ತಕ್ಕೆ ಡ್ಯೂಟಿ ಡಾಕ್ಟರ್ ಫೋನ್ ಮಾಡಿದರು. ಏಳು, ಎಂಟು ಅನ್ನುತ್ತಿದ್ದಾನಂತೆ. ಬೆಳಗ್ಗೆ ಎಂಟೂವರೆಗೆ ಕೊಟ್ಟ ಬ್ಲಾಕ್, ಬಿಡುವ ಹೊತ್ತಾಗಿತ್ತು. ಮಗು ಆರಾಮಾಗಿದೆ ಎಂದು ಸಂಜೆಯ ಪ್ಯಾರಸಿಟಮಾಲ್ ತಡಮಾಡಿದ್ದರು, ನೋವಾದಾಗ ರೋಗಿಯೇ ಒತ್ತಿ ಔಷಧ ತೆಗೆದುಕೊಳ್ಳುವ ಮಾರ್ಫಿನ್ ಪಂಪಿನ ಗುಂಡಿ ಒತ್ತುವುದನ್ನು ಅವನಿಗೆ ಯಾರೂ ನೆನಪಿಸಿರಲಿಲ್ಲ. ಬ್ಲಾಕ್ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ನಾನು ಬರೆದಿಡಬೇಕಿತ್ತು. ಬರೆದಿರಲಿಲ್ಲ.

ಈಗ ಚಾರ್ಟಿನ ಮೇಲೆ ಕೆಂಪು ಇಂಕಿನಲ್ಲಿ ಬರೆಯುತ್ತೇನೆ: ‘ಸಂಜೆ 5ರಿಂದ ಬ್ಲಾಕ್ ಬಿಡಬಹುದು.’ ಪ್ಯಾರಸಿಟಮಾಲ್ ಆರು ಗಂಟೆಗೊಮ್ಮೆ, ನೋವಿರಲಿ ಬಿಡಲಿ, ಹೋಗಲೇಬೇಕು. ಗುಂಡಿ ಒತ್ತುವುದನ್ನು ಆಪರೇಷನ್‌ನ ಹಿಂದಿನ ದಿನವೇ ಮಗುವಿನ ಕೈಯಲ್ಲಿ ಕೊಟ್ಟು ಕಲಿಸುತ್ತೇನೆ. ಬೇರೆ ಯಾರೂ ಒತ್ತಬಾರದು ಎಂದು ಮನೆಯವರಿಗೂ ಹೇಳುತ್ತೇನೆ. ನೋವಿನ ಅಂಕಿ ಎರಡು ಸಲ ಬರೆಸುತ್ತೇನೆ: ಮಲಗಿದ್ದಾಗ ಒಂದು, ಮಗ್ಗುಲು ಹೊರಳಿಸುವಾಗ ಒಂದು. ಬೆಳಗಿನ ರೌಂಡ್ಸ್‌ನಲ್ಲಿ ಚಾರ್ಟ್ ತೆರೆಯುವ ಮೊದಲು ಪಕ್ಕದಲ್ಲಿ ಕೂತಿರುವ ಅಮ್ಮನನ್ನು ಕೇಳುತ್ತೇನೆ: “ರಾತ್ರಿ ನಿದ್ದೆ ಮಾಡ್ತಾ ಅಮ್ಮ, ಇಲ್ಲಾ ಸುಮ್ನೆ ಮಲಗಿತ್ತಾ?”