ಮೌತ್‌ಪೀಸಿನಿಂದ ತೋಡಿಯವರೆಗೆ

ಸ್ಯಾಕ್ಸೋಫೋನಿನಲ್ಲಿ ತೋಡಿ ರಾಗದ ಗಾಂಧಾರ, ಅಂದರೆ ತೂಗಿ ನುಡಿಸಬೇಕಾದ ‘ಗ’ ಸ್ವರ, ಬರಲ್ಲ ಅಂತ ಹಾಸನದಲ್ಲಿ ನನಗೆ ಹೇಳದವರೇ ಕಡಿಮೆ. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರು 1994ರಲ್ಲೇ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿ ಬಂದವರು. ಆದರೂ ಊರಿನವರು ‘ಅದು ಅವರಿಗೆ ಮಾತ್ರ, ಇನ್ನೊಬ್ಬರಿಗೆ ಕಲಿಸೋಕಾಗಲ್ಲ’ ಅನ್ನುತ್ತಿದ್ದರು. ಈಗ ನನ್ನ ಹತ್ತಿರ ಕಲಿಯುವ ನಾಲ್ಕೈದು ಮಕ್ಕಳು ಆ ಗಾಂಧಾರವನ್ನು ಚೆನ್ನಾಗಿ ತೂಗುತ್ತಾರೆ.

ಮೊದಲ ಎರಡು ಮೂರು ತಿಂಗಳು ನಾನು ವಾದ್ಯ ಕೈಗೆ ಕೊಡುವುದಿಲ್ಲ. ಬರೀ ಬಾಯಿಗಿಡುವ ಮೌತ್‌ಪೀಸು, ಅದಕ್ಕೆ ಕಟ್ಟಿದ, ಊದಿದಾಗ ಅದುರುವ ತೆಳು ಪಟ್ಟಿ, ಅಂದರೆ ರೀಡು. ದವಡೆ ಸಡಿಲ ಬಿಟ್ಟು ಸ್ವರವನ್ನು ಕೆಳಗೆ ಜಾರಿಸಬೇಕು, ಬಿಗಿ ಮಾಡಿ ಮೇಲೆ ತರಬೇಕು. ಬೆರಳೇ ಇಲ್ಲದೆ ಸ ರಿ ಗ ಮ ಪ ಬಂದ ಮೇಲೆಯೇ ವಾದ್ಯ. ಬೆರಳು ಕೊಡುವುದು ಮೆಟ್ಟಿಲು ಮಾತ್ರ. ನಡುವಿನ ಓಡಾಟವೆಲ್ಲ ದವಡೆಯದು.

ಅಪ್ಪ ಅಮ್ಮಂದಿರಿಗೆ ಸಿಟ್ಟು. ‘ಮೇಷ್ಟ್ರೇ, ತಿಂಗಳಿಗೆ ಎಂಟುನೂರು ಕೊಟ್ಟು ಪೀಪಿ ಊದಿಸೋದಾ?’ ಮೊದಲ ವರ್ಷ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಿಟ್ಟು ಹೋದರು. ಮನೆ ನಡೆದದ್ದು ಮದುವೆ ವಾಲಗದಿಂದ. ಡೋಲಿನವರ ಪಾಲು ಕಳೆದು ಒಂದು ಮದುವೆಗೆ ಎರಡೂವರೆ, ಮೂರು ಸಾವಿರ ಉಳಿಯುತ್ತಿತ್ತು. ಸಕಲೇಶಪುರದ ಕಡೆ ಒಬ್ಬರು ಧಾರೆ ಮುಗಿದ ಮೇಲೆ ಅರ್ಧ ದುಡ್ಡು ಕೊಟ್ಟು ಕೈ ಮುಗಿದರು. ಆ ತಿಂಗಳು ರೀಡಿನ ಡಬ್ಬಿಗೂ ಕಾಸಿಲ್ಲ. ಹತ್ತು ರೀಡಿಗೆ ಮೂರು ಸಾವಿರದ ಹತ್ತಿರ, ಅದರಲ್ಲಿ ಮನಸ್ಸಿಗೆ ಒಪ್ಪುವುದು ನಾಲ್ಕೋ ಐದೋ.

ದುಡ್ಡು ಉಳಿಯಲಿ ಅಂತ ಪ್ಲಾಸ್ಟಿಕ್ ರೀಡನ್ನೂ ನೋಡಿದೆ. ತುಂಬ ದಿನ ಬಾಳುತ್ತದೆ, ವಾಲಗಕ್ಕೆ ಸಾಕು. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸುವುದಕ್ಕೆ, ನನಗೆ ಹಿಡಿಸಲಿಲ್ಲ. ಎರಡೂವರೆ ನಂಬರಿನ ಗಡಸಿನ ಬೆತ್ತದ ರೀಡೇ ಸರಿ. ನಮ್ಮ ಮಳೆಗಾಲದಲ್ಲಿ ವಾದ್ಯದ ಜಿ ಶಾರ್ಪ್ ಪ್ಯಾಡು (ರಂಧ್ರ ಮುಚ್ಚುವ ಮೆತ್ತೆ) ಅಂಟಿಕೊಳ್ಳುವುದು ನುಡಿಸುವವರಿಗೆಲ್ಲ ಗೊತ್ತು. ಗರಿಗರಿ ನೋಟು ನಡುವೆ ಇಟ್ಟು, ಕೀ ಮೆಲ್ಲಗೆ ಒತ್ತಿ ಎಳೆಯಿರಿ, ಬಿಡುತ್ತದೆ. ಪೌಡರ್ ಮಾತ್ರ ಬೇಡ.

ನಿಜವಾದ ಕಷ್ಟ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಮಧ್ಯಮದಿಂದ (ಮ) ಪಂಚಮಕ್ಕೆ (ಪ) ಹೋಗುವಾಗ. ವಾದ್ಯದ ‘ಜಿ’ ಸ್ವರವನ್ನು ಷಡ್ಜ (ಸ) ಮಾಡಿಕೊಂಡರೆ ಶುದ್ಧ ಮಧ್ಯಮಕ್ಕೆ ಒಂದೇ ಬೆರಳು, ಪಂಚಮಕ್ಕೆ ಆರು ಬೆರಳು, ಮೇಲೆ ಸ್ಥಾಯಿ ಏರಿಸುವ ಆಕ್ಟೇವ್ ಕೀ. ಸ್ವರದಿಂದ ಸ್ವರಕ್ಕೆ ಹೋಗುವ ಜಾರು ಅಲ್ಲೇ ಕತ್ತರಿಸುತ್ತದೆ. ನಾನು ಕೆಲವು ಬೆರಳುಗಳನ್ನು ಮಧ್ಯಮದಲ್ಲೇ ಇಡಿಸುತ್ತೇನೆ. ಯಾವ ಬೆರಳು, ಯಾವಾಗ ಅನ್ನುವುದು ಎದುರು ಕೂತು ಕಲಿಯುವವರಿಗೆ ಮಾತ್ರ.

ಈ ಸಲದ ರಾಮೋತ್ಸವದಲ್ಲಿ ನನ್ನ ಶಿಷ್ಯೆ ಕಾಲು ಗಂಟೆ ತೋಡಿ ಆಲಾಪನೆ ಮಾಡಿದಳು. ‘ಇದು ಬ್ಯಾಂಡ್‌ಸೆಟ್ ವಾದ್ಯ ಕಣಯ್ಯಾ’ ಎಂದಿದ್ದ ಹಿರಿಯರೇ ಪಿಟೀಲಿಗೆ ಕೂತಿದ್ದರು. ಅವಳ ಗಾಂಧಾರವನ್ನು ಅವರು ಹಾಗೇ ಹಿಂಬಾಲಿಸಿದರು. ಈಗ ಅವರ ಮೊಮ್ಮಗನೂ ನನ್ನಲ್ಲಿ ಮೌತ್‌ಪೀಸು ಊದುತ್ತಿದ್ದಾನೆ.

ಮೊನ್ನೆ ಮೂವತ್ತು ಸಾವಿರದ ಆಸುಪಾಸಿಗೆ ಹಳೇ ಸೊಪ್ರಾನೊ ಸ್ಯಾಕ್ಸೋಫೋನ್ ಒಂದು ತಂದಿದ್ದೇನೆ. ದವಡೆ ಚೂರು ಅಲುಗಿದರೂ ಅದರ ಶ್ರುತಿ ಓಡುತ್ತದೆ. ಆ ಓಟವನ್ನೇ ಗಮಕಕ್ಕೆ ತಿರುಗಿಸಬಹುದಾ ಅಂತ ದಿನಾ ಬೆಳಿಗ್ಗೆ ಸಾವೇರಿ ರಾಗ ಹಿಡಿದು ನೋಡುತ್ತಿದ್ದೇನೆ.