ಬೀಟ್ ರಾಶಿ ಕಾದ ಏಳು ಚಳಿಗಾಲ

ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮನಿಗೆ ಒಂದೇ ಅನುಮಾನ. ಬೀಟ್‌ರೂಟಿಂದ ಸಕ್ಕರೆ ಮಾಡಿದ್ರೆ ಅದು ಕೆಂಪಗೆ ಇರಬೇಕಲ್ವಾ ಅಂತ. ಪಲ್ಯದ ಬೀಟ್‌ರೂಟ್ ಅಲ್ಲಮ್ಮ, ಇದು ಅದರ ದಾಯಾದಿ ಅಂತ ಎಷ್ಟು ಸಲ ಹೇಳಿದ್ದೇನೋ. ಸಕ್ಕರೆ ಬೀಟ್ ಬೆಳ್ಳಗಿರುತ್ತದೆ. ಮೂಲಂಗಿಯನ್ನು ಹಿಡಿದು ಊದಿಸಿದ ಹಾಗೆ ಆಕಾರ, ಗಡ್ಡೆ ಒಂದು ಕೇಜಿ, ಒಳ್ಳೆಯ ಹೊಲವಾದರೆ ಎರಡು. ಮುಕ್ಕಾಲು ಪಾಲು ನೀರು, ನೂರಕ್ಕೆ 17-18 ಪಾಲು ಸಕ್ಕರೆ. ಹಸಿಯಾಗಿ ಕಚ್ಚಿದರೆ ಮೊದಲು ಸಿಹಿ, ಆಮೇಲೆ ಬಾಯೆಲ್ಲ ಮಣ್ಣು.

ನಾನು ಮದ್ದೂರು ಕಡೆಯವನು. ಅಪ್ಪ ಕಬ್ಬು ಬೆಳೆಯುತ್ತಿದ್ದರು. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಫಾರ್ಗೋದ ನಾರ್ತ್ ಡಕೋಟ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂಎಸ್ ಮಾಡಿ, ಅಲ್ಲೇ ಒಂದು ಬೀಟ್ ರೈತರ ಸಹಕಾರ ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಈಗ ಏಳು ವರ್ಷದಿಂದ ಸುಗ್ಗಿಯಲ್ಲಿ ಗಡ್ಡೆ ತೂಗಿ ಇಳಿಸಿಕೊಳ್ಳುವುದು, ರಾಶಿ ಹಾಕಿಸುವುದು, ಚಳಿಗಾಲ ಪೂರ್ತಿ ಆ ರಾಶಿ ಕಾಯುವುದು ನನ್ನ ಜವಾಬ್ದಾರಿ. ಸಂಘದ ಹೆಸರು ಬೇಡ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಮಿನ್ನೆಸೋಟ ಮತ್ತು ನಾರ್ತ್ ಡಕೋಟದ ನಡುವೆ ರೆಡ್ ರಿವರ್ ಅಂತ ಒಂದು ನದಿ. ಉತ್ತರಕ್ಕೆ ಹರಿದು ಕೆನಡಾದ ವಿನಿಪೆಗ್ ಸರೋವರ ಸೇರುತ್ತದೆ. ಸಾವಿರಾರು ವರ್ಷದ ಹಿಂದೆ ಈ ಕಣಿವೆಯೇ ಒಂದು ದೊಡ್ಡ ಸರೋವರದ ತಳ. ಅದಕ್ಕೇ ನೆಲ ತಟ್ಟೆಯ ಹಾಗೆ ಚಪ್ಪಟೆ, ಮಣ್ಣು ನಮ್ಮ ಗದಗ, ಧಾರವಾಡದ ಎರೆ ಮಣ್ಣಿನ ಹಾಗೆ ಕಪ್ಪು. ಮಳೆ ಬಂದರೆ ಬೂಟು ಹಿಡಿದುಕೊಂಡರೆ ಬಿಡುವುದಿಲ್ಲ. ಇಲ್ಲಿನ ದೊಡ್ಡ ಸಕ್ಕರೆ ಸಂಸ್ಥೆ ಅಮೆರಿಕನ್ ಕ್ರಿಸ್ಟಲ್ ಅನ್ನು 1973ರಲ್ಲಿ ರೈತರೇ ಸೇರಿ ಕೊಂಡುಕೊಂಡರು. ಈ ಸೀಮೆಯ ಬೀಟ್ ಕಾರ್ಖಾನೆಗಳಿಗೆಲ್ಲ ರೈತರೇ ಯಜಮಾನರು. ಷೇರು ಇದ್ದಷ್ಟು ಎಕರೆ ಬಿತ್ತಬೇಕು, ಬಿತ್ತಿದ್ದನ್ನು ತಂದು ಹಾಕಬೇಕು. ಅಂದರೆ ನನ್ನ ತಕ್ಕಡಿಗೆ ಲಾರಿ ತರುವ ಪ್ರತಿಯೊಬ್ಬನೂ ಲೆಕ್ಕದಲ್ಲಿ ನನ್ನ ಯಜಮಾನ. ನನ್ನ ಕೆಲಸದ ಕಷ್ಟವೆಲ್ಲ ಇಲ್ಲೇ ಇರುವುದು.

ಕಬ್ಬು ಗೊತ್ತಿದ್ದವರಿಗೆ ಬೀಟ್ ಮೊದಲು ಅರ್ಥವೇ ಆಗುವುದಿಲ್ಲ. ಕಬ್ಬು ಕಡಿದ ಮೇಲೆ ಒಂದೆರಡು ದಿನದಲ್ಲಿ ಅರೆಯಬೇಕು, ಇಲ್ಲದಿದ್ದರೆ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ಕಾರ್ಖಾನೆ ಮುಂದೆ ಟ್ರಾಕ್ಟರ್ ಸಾಲಲ್ಲಿ ಅಪ್ಪನ ಜೊತೆ ರಾತ್ರಿಯೆಲ್ಲ ಕೂತವನು ನಾನು, ಟ್ರೇಲರ್ ಮೇಲೆ ಕಬ್ಬು ಒಣಗುವುದು ನೋಡುತ್ತಾ ಕೂರುವುದು ಏನು ಅಂತ ಗೊತ್ತು. ಇಲ್ಲಿ ಹಾಗಲ್ಲ. ಅಕ್ಟೋಬರ್ 1ಕ್ಕೆ ದೊಡ್ಡ ಸುಗ್ಗಿ ಶುರು, ಹವಾಮಾನ ಸರಿ ಇದ್ದರೆ ಎರಡು ವಾರದಲ್ಲಿ ಮುಗಿದೇ ಹೋಗುತ್ತದೆ. ನೆಲ ಗಟ್ಟಿಯಾಗಿ ಹೆಪ್ಪುಗಟ್ಟುವ ಮೊದಲು ಎಲ್ಲವನ್ನೂ ಕೀಳಲೇಬೇಕು. ಆದರೆ ಕಾರ್ಖಾನೆ ಅದನ್ನು ಅರೆದು ಮುಗಿಸಲು ಏಪ್ರಿಲ್, ಮೇ ಆಗುತ್ತದೆ. ಅಲ್ಲಿಯವರೆಗೆ ಗಡ್ಡೆ ಬಯಲಲ್ಲಿ ರಾಶಿಯಾಗಿ ಬಿದ್ದಿರುತ್ತದೆ. ಇಪ್ಪತ್ತು ಅಡಿಗೂ ಮೀರಿದ ಎತ್ತರ, ಇನ್ನೂರು ಅಡಿಗೂ ಮೀರಿದ ಅಗಲ, ಉದ್ದ ನೋಡಿದರೆ ಆ ಕಡೆ ನಿಂತವನು ಕಡ್ಡಿ ಹಾಗೆ ಕಾಣುತ್ತಾನೆ.

ಆ ರಾಶಿ ಬದುಕಿರುತ್ತದೆ. ಕಿತ್ತ ಮೇಲೂ ಗಡ್ಡೆ ಉಸಿರಾಡುತ್ತದೆ, ತನ್ನ ಸಕ್ಕರೆಯನ್ನೇ ತಿಂದು ಕಾವು ಬಿಡುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿ ಜಾಸ್ತಿಯಾದರೆ ಉಸಿರಾಟ ಹೆಚ್ಚುಕಡಿಮೆ ಎರಡರಷ್ಟು. ನನಗೆ ಇದನ್ನು ಕ್ಲಾಸಿನಲ್ಲಿ ಗ್ರಾಫ್ ಬರೆದು ಹೇಳಿಕೊಟ್ಟರು, ಆದರೆ ತಲೆಗೆ ಹತ್ತಿದ್ದು ತಾತನ ಹಗೇವಿನಿಂದ. ರಾಗಿ ತುಂಬಿದ ಹಗೇವಿನ ಬಾಯಿ ತೆಗೆದರೆ ತಾತ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರಲಿಲ್ಲ ಅಂದ ಮೇಲೇ ಆಳು ಇಳಿಯಬೇಕು. ಒಳಗಿನ ಗಾಳಿಯನ್ನು ಕಾಳೇ ತಿಂದಿರುತ್ತದಲ್ಲ. ಹಸಿ ಹುಲ್ಲು ಮೆದೆ ಹಾಕಿದರೆ ಒಳಗೆ ಕೈ ಇಡಲು ಆಗದಷ್ಟು ಕಾವು ಏಳುವುದೂ ಇದೇ ಲೆಕ್ಕ. ಬೀಟ್ ರಾಶಿ ಅಂದರೆ ಊರಷ್ಟು ದೊಡ್ಡ ಹಸಿ ಮೆದೆ ಅಂದುಕೊಳ್ಳಿ.

ಹಾಗಾಗಿ ನಿಯಮ ಎಲ್ಲ ಉಷ್ಣತೆಯ ಮೇಲೆ. ಗಡ್ಡೆಯ ಒಳಗೆ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ ಸುಮಾರು 13 ದಾಟಿತೋ, ಸುಗ್ಗಿ ನಿಲ್ಲಿಸು. ಹೊರಗೆ ಚಳಿ ಜಾಸ್ತಿಯಾಗಿ ಗಡ್ಡೆಯ ತಲೆ ಹೆಪ್ಪುಗಟ್ಟಿತೋ, ಆಗಲೂ ನಿಲ್ಲಿಸು. ಈ ಎರಡರ ನಡುವಿನ ಸಂದಿಯಲ್ಲಿ ಹಗಲು ರಾತ್ರಿ ಲಾರಿ ಓಡುತ್ತದೆ. ಹನ್ನೆರಡು ಗಂಟೆಯ ಎರಡು ಪಾಳಿ. ಸೆಪ್ಟೆಂಬರಿನಲ್ಲಿ ಕಾರ್ಖಾನೆ ನಡೆಯುವಷ್ಟು ಮಾತ್ರ ದಿನಾ ಸ್ವಲ್ಪ ಸ್ವಲ್ಪ ಕೀಳಿಸುತ್ತೇವೆ, ಆಗ ಕೀಳುವವರಿಗೆ ಗಡ್ಡೆ ಇನ್ನೂ ಬಲಿತಿರುವುದಿಲ್ಲ, ಸಕ್ಕರೆ ಕಡಿಮೆ, ಆ ನಷ್ಟಕ್ಕೆ ಪ್ರೀಮಿಯಂ ಕೊಡುತ್ತಾರೆ. ಅದು ಸುಮ್ನೆ ಅಭ್ಯಾಸ ಪಂದ್ಯ ಇದ್ದ ಹಾಗೆ.

ನಮ್ಮ ಸ್ಟೇಷನ್‌ನಲ್ಲಿ ನಾಲ್ಕು ಪೈಲರ್. ಪೈಲರ್ ಅಂದರೆ ಮನೆಯಷ್ಟು ದೊಡ್ಡ, ಚಕ್ರದ ಮೇಲಿನ ಯಂತ್ರ. ಲಾರಿ ತಕ್ಕಡಿ ಹತ್ತಿ ತೂಕ ಕೊಟ್ಟು ಬರುತ್ತದೆ, ಪೈಲರ್ ಪಕ್ಕ ನಿಂತು ಗಡ್ಡೆ ಸುರಿಯುತ್ತದೆ, ತಿರುಗುವ ಉರುಳೆಗಳ ಮೇಲೆ ಗಡ್ಡೆ ಉರುಳಿ ಮಣ್ಣು ಕೆಳಗೆ ಬೀಳುತ್ತದೆ, ಗಡ್ಡೆ ಉದ್ದ ತೋಳಿನ ಬೆಲ್ಟ್ ಮೇಲೆ ಏರಿ ರಾಶಿಗೆ ಬೀಳುತ್ತದೆ. ಬಿದ್ದ ಮಣ್ಣನ್ನು ಅದೇ ಲಾರಿಗೆ ವಾಪಸ್ ತುಂಬಿ, ಮತ್ತೆ ತೂಗಿ, ಹೊಲಕ್ಕೆ ಕಳಿಸುತ್ತೇವೆ. ಅವನ ಮಣ್ಣು ಅವನಿಗೆ. ನಡುನಡುವೆ ಕೆಲವು ಲೋಡುಗಳಿಂದ ಒಂದು ಚೀಲ ಗಡ್ಡೆ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಕಳಿಸುತ್ತೇವೆ, ಅಲ್ಲಿ ತೊಳೆದು ಮಣ್ಣೆಷ್ಟು ಸಕ್ಕರೆಯೆಷ್ಟು ನೋಡುತ್ತಾರೆ. ದುಡ್ಡು ಅದರ ಮೇಲೆ. ನಮ್ಮ ದೇಶದಲ್ಲಿ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ, ಕಟ್ಟುವುದು ಇಡೀ ಕಾರ್ಖಾನೆಯ ಇಳುವರಿ ನೋಡಿ, ನಿಮ್ಮ ಕಬ್ಬು ಎಷ್ಟು ಸಿಹಿ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಒಬ್ಬೊಬ್ಬನ ಗಡ್ಡೆಯ ಸಕ್ಕರೆ ನೋಡಿ ದುಡ್ಡು ಕೊಡುತ್ತಾರೆ ಅಂತ ಅಪ್ಪನಿಗೆ ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಿದ್ದು, 'ಹಂಗಾದ್ರೆ ಗೊಬ್ಬರ ಕಮ್ಮಿ ಹಾಕ್ತಿದ್ದೆ' ಅಂದರು. ಸರಿಯಾಗೇ ಹಿಡಿದರು, ಸಾರಜನಕ ಜಾಸ್ತಿಯಾದರೆ ಬೀಟ್‌ನಲ್ಲೂ ಗಡ್ಡೆ ಊದುತ್ತದೆ, ಸಕ್ಕರೆ ಇಳಿಯುತ್ತದೆ.

ಸುಗ್ಗಿಯ ಕೆಲಸಗಾರರಲ್ಲಿ ಅರ್ಧ ಜನ ಆರ್‌ವಿ ಅನ್ನುವ, ಮನೆಯ ಹಾಗೆ ವಾಸ ಮಾಡುವ ವ್ಯಾನಿನಲ್ಲಿ ದೇಶ ಸುತ್ತುವ ನಿವೃತ್ತರು. ಬರುತ್ತಾರೆ, ದುಡಿಯುತ್ತಾರೆ, ಚಳಿ ಬೀಳುವ ಮೊದಲು ದಕ್ಷಿಣಕ್ಕೆ ಹೋಗುತ್ತಾರೆ. ಮೊದಲ ದಿನ ನಾನು ಅವರಿಗೆ ಹೇಳುವುದು ಎರಡೇ. ಡ್ರೈವರ್ ಕಣ್ಣು ನಿಮ್ಮ ಕಣ್ಣು ಸೇರುವವರೆಗೆ ಲಾರಿ ಮುಂದೆ ಕಾಲಿಡಬೇಡಿ. ಪೈಲರ್ ತೋಳನ್ನು ರಾಶಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಇಡಿ. ಮೇಲಿಂದ ಬಿದ್ದ ಗಡ್ಡೆಯ ಬಾಲ ಮುರಿಯುತ್ತದೆ, ಗಾಯವಾದ ಗಡ್ಡೆ ಜೋರಾಗಿ ಉಸಿರಾಡುತ್ತದೆ, ಗಾಯದಲ್ಲೇ ಬೂಷ್ಟು ಹಿಡಿಯುತ್ತದೆ. ಒಂದು ವರ್ಷ ಆಯುಧಪೂಜೆ ಸುಗ್ಗಿಯ ನಡುವೆ ಬಂತು. ಪೈಲರಿಗೆ ಕುಂಕುಮ ಇಟ್ಟು, ಲೋಡರ್ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಇದು ಯಾವ ಸೇಫ್ಟಿ ರೂಲು ಅಂತ ಒಬ್ಬ ಕೇಳಿದ. ತುಂಬಾ ಹಳೆಯದು ಅಂದೆ.

ಈಗ ನನ್ನ ತಪ್ಪಿನ ವಿಷಯ.

ಮೂರನೇ ವರ್ಷ ಅದು, 2019. ಸೆಪ್ಟೆಂಬರಿನಿಂದ ಮಳೆ ಬಿಡಲಿಲ್ಲ, ಅಕ್ಟೋಬರಿನಲ್ಲಿ ಹಿಮವೂ ಬಿತ್ತು, ಹೊಲದಲ್ಲಿ ಲಾರಿಯನ್ನು ಟ್ರಾಕ್ಟರ್ ಕಟ್ಟಿ ಎಳೆಯಬೇಕಿತ್ತು. ಆ ವರ್ಷ ಕಣಿವೆಯ ದೊಡ್ಡ ಸಂಘದಲ್ಲೇ ಸುಮಾರು ಮೂರನೇ ಒಂದು ಪಾಲು ಎಕರೆ ಕೀಳದೆ ಉಳಿಯಿತು. ಎಲ್ಲರ ಮುಖವೂ ಕಪ್ಪಿಟ್ಟಿತ್ತು. ಅಂಥದ್ದರಲ್ಲಿ ಒಂದು ರಾತ್ರಿ ಮೋಡ ಬಿಟ್ಟಿತು. ಆಕಾಶ ತಿಳಿಯಾದರೆ ಇಲ್ಲಿ ಖುಷಿ ಪಡುವ ಹಾಗಿಲ್ಲ, ನೆಲದ ಕಾವೆಲ್ಲ ಮೇಲೆ ಹೋಗಿ ಚಳಿ ಇಳಿಯುತ್ತದೆ. ಮೂರು ಗಂಟೆಗೆ ಥರ್ಮಾಮೀಟರ್ 27 ಫ್ಯಾರನ್‌ಹೀಟ್ ತೋರಿಸಿತು, ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ ಸುಮಾರು ಮೂರು ಡಿಗ್ರಿ ಕೆಳಗೆ. ನಿಲ್ಲಿಸಬೇಕಿತ್ತು. ಒಬ್ಬ ರೈತ ಫೋನ್ ಮಾಡಿದ. ಎಲೆ ಸವರಿಸಿ ಆಗಿದೆ, ಈಗ ಬಿಟ್ಟರೆ ಪೂರ್ತಿ ಹೋಗುತ್ತೆ, ಇನ್ನು ಹತ್ತು ಹನ್ನೆರಡು ಲೋಡು ಅಷ್ಟೇ ಅಂದ. ಗಡ್ಡೆಗೆ ಎಲೆಯೇ ಕಂಬಳಿ. ಎಲೆ ತೆಗೆದ ಸಾಲು ಚಳಿಗೆ ಬರಿಮೈ. ಅವನು ಹೇಳಿದ್ದು ನಿಜವೇ. ಅದೇ ಕಾರಣಕ್ಕೆ ಆ ಗಡ್ಡೆ ತೆಗೆದುಕೊಳ್ಳಲೇಬಾರದಿತ್ತು. ಟ್ರಾಕ್ಟರ್ ಸಾಲಲ್ಲಿ ಕೂತ ಅಪ್ಪ ನೆನಪಾದರು, ತಗೊಂಡು ಬಾ ಅಂದೆ.

ಮೊದಲ ಲಾರಿಯಿಂದ ಒಂದು ಗಡ್ಡೆ ಎತ್ತಿ ಚಾಕುವಿನಿಂದ ತಲೆ ಸೀಳಿದೆ. ಒಳಗೆ ಗಾಜಿನ ಹಾಗೆ ಪಾರದರ್ಶಕವಾದ ಒಂದು ಬೆರಳಷ್ಟು ಪಟ್ಟಿ. ಹೆಪ್ಪುಗಟ್ಟಿದ್ದು. ನೋಡಿಯೂ ಕೈ ಬೀಸಿ ಮುಂದೆ ಹೋಗು ಅಂದೆ. ಹನ್ನೊಂದು ಲಾರಿ ಹಾಗೇ ಹೋಯಿತು.

ಡಿಸೆಂಬರ್ ನಡುವೆ ಒಂದು ಬೆಳಿಗ್ಗೆ, ಹೊರಗೆ ಮೈನಸ್ 20 ಸೆಲ್ಸಿಯಸ್, ರಾಶಿ ಮೇಲೆಲ್ಲ ಹಿಮ ಹೊದ್ದು ಮಲಗಿದೆ. ನಡುವೆ ಒಂದು ಕಡೆ ಹಿಮವೇ ಇಲ್ಲ. ಬಂಡಿ ಚಕ್ರದಷ್ಟು ಅಗಲ ಕಂದು ಗುಂಡಿ, ಅದರಿಂದ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಹಬೆ. ಹತ್ತಿರ ಹೋದರೆ ವಾಸನೆ ಗುರುತು ಸಿಕ್ಕಿತು, ಆಲೆಮನೆ ಹಿಂದೆ ಕೊಪ್ಪರಿಗೆ ತೊಳೆದ ನೀರು ನಿಂತು ಹುಳಿ ಬಂದಿರುತ್ತಲ್ಲ, ಅದೇ. ಪಕ್ಕದಲ್ಲಿ ಆಯಾ ದಿನದ ತಾರೀಕು ಬರೆದು ಗೂಟ ನೆಟ್ಟಿರುತ್ತೇವೆ. ಓದುವ ಅಗತ್ಯವೇ ಇರಲಿಲ್ಲ. ಆದರೂ ಓದಿದೆ.

ಎಕ್ಸ್‌ಕವೇಟರ್ ತಂದು ಅಗೆಸಿದೆವು. ಹೆಪ್ಪುಗಟ್ಟಿ ಕರಗಿದ ಗಡ್ಡೆಯ ಜೀವಕೋಶ ಒಡೆದಿರುತ್ತದೆ, ರಸ ಸೋರುತ್ತದೆ, ಬ್ಯಾಕ್ಟೀರಿಯಾ ಸಕ್ಕರೆಯನ್ನು ಲೋಳೆ ಮಾಡುತ್ತವೆ. ಗಡ್ಡೆ ಎತ್ತಿದರೆ ಲೋಳೆಸರ ಮುರಿದಾಗ ಬರುವ ಹಾಗೆ ದಾರ ಎಳೆಯುತ್ತಿತ್ತು. ಆ ಲೋಳೆ ಕಾರ್ಖಾನೆಗೆ ಹೋದರೆ ಫಿಲ್ಟರ್ ಕಟ್ಟಿ ಇಡೀ ಗಿರಣಿ ತೆವಳುತ್ತದೆ. ಹಾಗಾಗಿ ಕೆಟ್ಟದ್ದನ್ನೂ, ಅದರ ಸುತ್ತ ಕಾವು ತಗುಲಿದ ಒಳ್ಳೆಯದನ್ನೂ ಎತ್ತಿ ಹೊಲಕ್ಕೆ ಸುರಿಸಿದೆ. ಹನ್ನೊಂದು ಲಾರಿ ಹಾಕಿದ್ದೆ, ಲೆಕ್ಕ ಹಾಕಿದಾಗ ಹೊರಗೆ ಹೋದದ್ದು ಅದರ ಮೂರು ಪಟ್ಟು. ತಂದವನಿಗೆ ಅವತ್ತಿನ ತೂಕಕ್ಕೆ ದುಡ್ಡು ಸಿಕ್ಕಿತ್ತು. ರಾಶಿಯಲ್ಲಿ ಆದ ನಷ್ಟ ಎಲ್ಲ ಸದಸ್ಯರ ತಲೆಗೆ. ಅವನ ಪಕ್ಕದ ಹೊಲದವನು ನನ್ನನ್ನು ಏನೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಅವತ್ತಿನಿಂದ ಥರ್ಮಾಮೀಟರ್ ನನ್ನ ಕೈಯಲ್ಲಿಲ್ಲ. ಟೆಕ್ಸಾಸ್‌ನಿಂದ ಪ್ರತಿ ವರ್ಷ ಬರುವ ನಿವೃತ್ತ ಶಾಲಾ ಟೀಚರ್ ಒಬ್ಬರಿದ್ದಾರೆ, ಅವರಿಗೆ ಕೊಟ್ಟುಬಿಟ್ಟೆ. ಅವರಿಗೆ ಯಾವ ರೈತನ ಪರಿಚಯವೂ ಇಲ್ಲ, ಯಾರ ಫೋನ್ ನಂಬರೂ ಇಲ್ಲ. ಗಡ್ಡೆಗೆ ಚುಚ್ಚುತ್ತಾರೆ, ಓದುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಆಗಲ್ಲ ಅಂದರೆ ಆಗಲ್ಲ. ನನಗೆ ಫೋನ್ ಬಂದರೆ ಅವರನ್ನೇ ಕೇಳಿ ಅನ್ನುತ್ತೇನೆ. ಹೇಡಿತನ ಅನ್ನಿ ಬೇಕಾದರೆ. ಇನ್ನೊಂದು ವಿಷಯವನ್ನು ರೈತರಿಗೆ ಆಗಸ್ಟ್‌ನಲ್ಲೇ ಹೇಳಿಬಿಡುತ್ತೇನೆ. ಕೀಳುವ ಯಂತ್ರಕ್ಕಿಂತ ಬಹಳ ಮುಂದೆ ಎಲೆ ಸವರಬೇಡಿ, ಎಲೆ ಮೇಲಿದ್ದರೆ ಒಂದು ರಾತ್ರಿಯ ಚಳಿಗೆ ಗಡ್ಡೆ ತಡೆಯುತ್ತದೆ. ತಲೆ ಸ್ವಲ್ಪವೇ ಹೆಪ್ಪುಗಟ್ಟಿದ್ದರೂ ನೆಲದಲ್ಲೇ ಬಿಟ್ಟು ಮೂರ್ನಾಲ್ಕು ದಿನ ಬೆಚ್ಚಗಿನ ಹವೆ ಸಿಕ್ಕರೆ ಚೇತರಿಸಿಕೊಳ್ಳಬಹುದು. ರಾಶಿಗೆ ಬಂದ ಮೇಲೆ ಆ ಅವಕಾಶ ಇಲ್ಲ.

ಮಣ್ಣಿನ ಬಗ್ಗೆಯೂ ಈಗ ಹಟ ಮಾಡುತ್ತೇನೆ. ಗಡ್ಡೆ ಗಡ್ಡೆ ನಡುವಿನ ಸಂದಿಯಲ್ಲೇ ಗಾಳಿ ಆಡಬೇಕು, ಎರೆ ಮಣ್ಣು ಮೆತ್ತಿದ ಗಡ್ಡೆಯನ್ನು ಹಾಗೇ ಹಾಕಿದರೆ ರಾಶಿಯೊಳಗೆ ಗೋಡೆ ಕಟ್ಟಿದ ಹಾಗೆ. ಪೈಲರ್ ಉರುಳೆಗಳನ್ನು ಪಾಳಿಗೆ ಎರಡು ಸಲ ನಿಲ್ಲಿಸಿ ಕೆರೆಸುತ್ತೇನೆ. ಲಾರಿ ಸಾಲು ಬೆಳೆಯುತ್ತದೆ, ಹಾರನ್ ಹೊಡೆಯುತ್ತಾರೆ. ಹೊಡೆಯಲಿ.

ಚಳಿಗಾಲದ ಕೆಲಸ ಸುಗ್ಗಿಯಷ್ಟು ಗದ್ದಲದ್ದಲ್ಲ. ಕೆಲವು ರಾಶಿಗಳ ಕೆಳಗೆ ಅಡ್ಡಡ್ಡ ದೊಡ್ಡ ತೂತಿನ ಕೊಳವೆ ಹಾಕಿ ರಾಶಿ ಹಾಕಿರುತ್ತೇವೆ, ಕೊಳವೆ ಬಾಯಿಗೆ ಫ್ಯಾನ್. ಮೊದಲು ಫ್ಯಾನ್ ಹಾಕುವುದು ಕಾವು ಇಳಿಸಲು. ಆಮೇಲೆ ಕೊರೆಯುವ ಚಳಿ ಬಂದಾಗ ಅದೇ ಫ್ಯಾನಿನಿಂದ ರಾಶಿಯನ್ನೇ ಕಲ್ಲಿನ ಹಾಗೆ ಹೆಪ್ಪುಗಟ್ಟಿಸುತ್ತೇವೆ. ಹೆಪ್ಪು ಕೆಟ್ಟದ್ದು ಅಂತ ಇಷ್ಟು ಹೊತ್ತು ಹೇಳಿದವನು ಈಗ ಹೀಗಂತೀರಾ ಅಂದರೆ, ಹೌದು, ಪೂರ್ತಿ ಹೆಪ್ಪುಗಟ್ಟಿ ಹಾಗೇ ಉಳಿದರೆ ಗಡ್ಡೆ ಕೆಡುವುದಿಲ್ಲ. ಹೆಪ್ಪುಗಟ್ಟಿ ಕರಗುವುದೇ ಕೇಡು. ಅದಕ್ಕೇ ಫ್ಯಾನ್ ಇಲ್ಲದ ರಾಶಿ ಮೊದಲು ಕಾರ್ಖಾನೆಗೆ, ಹೆಪ್ಪುಗಟ್ಟಿಸಿದ್ದು ಕೊನೆಗೆ.

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಎದ್ದ ತಕ್ಷಣ ನೋಡುವುದು ಹವಾಮಾನ. ಮಾರ್ಚ್‌ನಲ್ಲಿ ಎರಡು ದಿನ ಬಿಸಿಲು ಬಿದ್ದರೆ ಊರವರೆಲ್ಲ ಸ್ವೆಟರ್ ತೆಗೆದು ಓಡಾಡುತ್ತಾರೆ, ನಾನು ರಾಶಿಯ ದಕ್ಷಿಣದ ಮಗ್ಗುಲಿಗೆ ಓಡುತ್ತೇನೆ, ಮೊದಲು ಕರಗುವುದು ಅಲ್ಲೇ. ಹೋದ ವರ್ಷ ಕೊನೆಯ ರಾಶಿ ಎತ್ತಿದ ದಿನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಖಾಲಿ ಬಯಲು ತೋರಿಸಿದೆ. ಕೊಳವೆಗಳನ್ನು ಎಳೆದು ಒಂದು ಕಡೆ ಪೇರಿಸಿದ್ದರು, ನೆಲದ ಮೇಲೆ ಬಾಲದ ಚೂರು, ಕಪ್ಪು ಮಣ್ಣು. ಅಲ್ಲಿ ಏನೂ ಇಲ್ವಲ್ಲೋ ಅಂದರು. ಹೌದಮ್ಮ, ಅದನ್ನೇ ತೋರಿಸಿದ್ದು ಅಂದೆ.