ಬಂಡೆ ಹತ್ತುವ ಮೊದಲು ಮನೆಯಲ್ಲೇ ಗಂಟು ಕಲಿಸಿ

ನಮ್ಮ ಬಾದಾಮಿಯ ಮರಳುಗಲ್ಲಿನ ಬಂಡೆ ಹತ್ತಲು ದೂರದೂರದಿಂದ ಜನ ಬರುತ್ತಾರೆ. ನಮ್ಮ ಮಕ್ಕಳು ಮೊಬೈಲ್ ಹಿಡಿದು ಸುಮ್ನೆ ಕೂತಿರುತ್ತಾರೆ, ಅಲ್ವಾ? ಬಂಡೆ ಹತ್ತುವವರು ಬಳಸುವ ಎಂಟರ ಗಂಟನ್ನು ಮನೆಯಲ್ಲೇ ಕಲಿಸಬಹುದು. ಒಂದು ಮಾರು ಹಗ್ಗ ಸಾಕು. ತುದಿಯನ್ನು ಅದೇ ಹಗ್ಗದ ಉಳಿದ ಉದ್ದ ಭಾಗದ ಮೇಲೆ ಹಾಯಿಸಿ ಕುಣಿಕೆ ಮಾಡಿ. ಅದೇ ತುದಿಯನ್ನು ಆ ಉದ್ದ ಭಾಗದ ಹಿಂದಿನಿಂದ ಸುತ್ತಿ ತಂದು, ಮುಂದಿನಿಂದ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. 8ರ ಆಕಾರ ಬಂದರೆ ಸರಿ. ಕೈಗೆ ರೂಢಿಯಾದ ಮೇಲೆ ಕಣ್ಣು ಮುಚ್ಚಿ ಕಟ್ಟಿಸಿ. ಮಜಾ ಇರುವುದೇ ಅಲ್ಲಿ!

ಗಂಟು ಬೇಸರವಾದರೆ ದಿಕ್ಕು ಹುಡುಕುವುದನ್ನು ಕಲಿಸಿ: ಮಾಳಿಗೆ ಮೇಲೆ ಕೋಲು ನಿಲ್ಲಿಸಿ. ಬಿಸಿಲಿಗೇನೂ ಬರವಿಲ್ಲ. ನೆರಳಿನ ತುದಿಗೊಂದು ಗುರುತು, 20 ನಿಮಿಷ ಬಿಟ್ಟು ಇನ್ನೊಂದು. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ.

ಹಗ್ಗ ಕೊರಳಿಗೆ ಹಾಕಿಕೊಳ್ಳದಂತೆ ಮಾತ್ರ ಪಕ್ಕದಲ್ಲೇ ಇರಿ.